ಒಂದೇ ಕುಲ, ಎರಡು ಬಗೆಯ ಬಸಿರು

ಮೆಡಿಟರೇನಿಯನ್ ಸಮುದ್ರದಲ್ಲಿರುವ ಮಸ್ಟೆಲಸ್ ಕುಲದ ಶಾರ್ಕ್‌ಗಳಲ್ಲಿ ಎರಡನ್ನು ನೋಡಿ. ಒಂದರ ಬೆನ್ನ ಮೇಲೆ ಬಿಳಿ ಚುಕ್ಕಿ, ಇನ್ನೊಂದರದು ಸಾಮಾನ್ಯವಾಗಿ ಬರೀ ಬೂದು ಮೈ. ಉಳಿದಂತೆ ಎರಡೂ ಅಕ್ಕತಂಗಿಯರಂತಿವೆ. ಬಸುರಿ ಮೀನಿನ ಹೊಟ್ಟೆ ಬಗೆದು ನೋಡಿದರೆ ಮಾತ್ರ ನಿಜವಾದ ವ್ಯತ್ಯಾಸ ತಿಳಿಯುತ್ತದೆ. ಬೂದು ಶಾರ್ಕಿನ ಮರಿಗಳು ಹೊಕ್ಕುಳಬಳ್ಳಿಯ ತುದಿಯ ಮಾಸಿನಿಂದ ಗರ್ಭಾಶಯದ ಗೋಡೆಗೆ ಕಚ್ಚಿಕೊಂಡಿರುತ್ತವೆ. ಚುಕ್ಕಿ ಶಾರ್ಕಿನಲ್ಲಿ ಮಾಸೇ ಇಲ್ಲ. ಅದರ ಮರಿಗಳು ಮೊಟ್ಟೆಯ ಹಳದಿಯನ್ನೂ ಗರ್ಭಾಶಯ ಸ್ರವಿಸುವ ಅಲ್ಪಸ್ವಲ್ಪ ಲೋಳೆಯನ್ನೂ ಉಂಡು ಬೆಳೆಯುತ್ತವೆ.

ಮೀನಿನ ಈ ಹೊಕ್ಕುಳಬಳ್ಳಿಯನ್ನು ಅರಿಸ್ಟಾಟಲ್ ಸುಮಾರು 2,300 ವರ್ಷಗಳ ಹಿಂದೆಯೇ ಬಣ್ಣಿಸಿದ್ದ. ಆದರೂ ಎರಡು ಜಾತಿಗಳ ಭೇದ ಸ್ಪಷ್ಟವಾದದ್ದು ಜರ್ಮನಿಯ ಯೋಹಾನೆಸ್ ಮ್ಯೂಲರ್ 1842ರಲ್ಲಿ ಪ್ರಕಟಿಸಿದ ಅಧ್ಯಯನದಿಂದ.

ಶಾರ್ಕ್, ತೊರಕೆ ಮುಂತಾದ ಮೃದ್ವಸ್ಥಿ ಮೀನುಗಳ ಹೆಣ್ಣಿನಲ್ಲಿ ಅಂಗಗಳ ಮೂಲವಿನ್ಯಾಸ ಒಂದೇ. ಅಂಡಾಶಯದಿಂದ ಬಿಡುಗಡೆಯಾದ ಮೊಟ್ಟೆ ಯಕೃತ್ತಿನ ಮುಂದಿರುವ ನಾಳದ ಬಾಯಿಯನ್ನು ಹೊಕ್ಕು, ಕವಚ ನೇಯುವ ಗ್ರಂಥಿಯನ್ನು ದಾಟಿ, ಗರ್ಭಾಶಯ ತಲುಪುತ್ತದೆ. ಬದಲಾಗುವುದು ಯಾವ ಭಾಗ ಎಷ್ಟು ಬೆಳೆದಿದೆ ಎಂಬುದು.

ಮೊಟ್ಟೆಯಿಡುವ ಸ್ಕೇಟ್ ಮೀನಿನಲ್ಲಿ ಎರಡೂ ಅಂಡಾಶಯಗಳು ದುಡಿಯುತ್ತವೆ, ಕವಚದ ಗ್ರಂಥಿ ದೊಡ್ಡದಾಗಿರುತ್ತದೆ. ಅದು ನೇಯ್ದ ಚೀಲದ ನಾಲ್ಕು ಮೂಲೆಗಳಲ್ಲೂ ಕೊಂಬುಗಳಿರುತ್ತವೆ. ಮಸ್ಟೆಲಸ್‌ನಲ್ಲಿ ಬಲ ಅಂಡಾಶಯವಷ್ಟೇ ಕೆಲಸ ಮಾಡುತ್ತದೆ. ಬಾಲದಲ್ಲಿ ಮುಳ್ಳಿರುವ ಅನೇಕ ತೊರಕೆಗಳಲ್ಲಿ ಎಡಗಡೆಯದು ಮಾತ್ರ. ಈ ತೊರಕೆಗಳ ಗರ್ಭಾಶಯದ ಒಳಗೋಡೆಯ ತುಂಬ ಸಣ್ಣ ಎಳೆಗಳಿದ್ದು, ಅವು ಕೊಬ್ಬು, ಪ್ರೋಟೀನ್ ತುಂಬಿದ ಹಾಲಿನಂಥ ದ್ರವವನ್ನು ಸುರಿಸುತ್ತವೆ. ಚಿಟ್ಟೆಯಂತೆ ಅಗಲವಾದ ಒಂದು ತೊರಕೆಯಲ್ಲಿ ಈ ಎಳೆಗಳು ಮರಿಯ ಕಣ್ಣಿನ ಹಿಂದಿನ ಉಸಿರುರಂಧ್ರದೊಳಗೇ ಇಳಿದು ಗಂಟಲಿಗೆ ಹಾಲೂಡುವುದನ್ನು ಭಾರತದಲ್ಲಿ ದುಡಿಯುತ್ತಿದ್ದ ವುಡ್-ಮೇಸನ್ ಮತ್ತು ಆಲ್ಕಾಕ್ 1891ರಲ್ಲಿ ವರದಿ ಮಾಡಿದರು.

ನಮ್ಮ ಕರಾವಳಿಯ ಬಲೆಗಳಿಗೆ ಬೀಳುವ ಪುಟ್ಟ ಶಾರ್ಕ್ ಸ್ಕೋಲಿಯೋಡಾನ್ ಇನ್ನೂ ಮುಂದೆ ಹೋಗಿದೆ. ಅದರ ಮೊಟ್ಟೆ ಸುಮಾರು 1 ಮಿಲಿಮೀಟರ್ ಮಾತ್ರ, ಹಳದಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಭ್ರೂಣ ಬಹುಬೇಗ ತಾಯಿಗೆ ಅಂಟಿಕೊಂಡು, ಜಟಿಲವಾದ ಮಾಸಿನ ಮೂಲಕ ಪೋಷಣೆ ಪಡೆಯುತ್ತದೆ.

ಇಷ್ಟೆಲ್ಲ ಆರೈಕೆಗೆ ತೆರುವ ಬೆಲೆ ಎಂದರೆ ಮರಿಗಳ ಸಂಖ್ಯೆ. ಬೂತಾಯಿ ಸಾವಿರಾರು ಮೊಟ್ಟೆಯಿಡುತ್ತದೆ. ತೊರಕೆ ಹೆರುವುದು ಕೆಲವೇ ಮರಿಗಳನ್ನು. ಬಲೆಗೆ ಸಿಕ್ಕ ಗಾಬರಿಯಲ್ಲಿ ಅನೇಕ ಬಸುರಿ ತೊರಕೆಗಳು ದಿನ ತುಂಬುವ ಮೊದಲೇ ಮರಿಹಾಕಿಬಿಡುತ್ತವೆ. ಜೀವಂತ ಸಿಕ್ಕ ಬಸುರಿಯನ್ನು ತಡಮಾಡದೆ ನೀರಿಗೆ ಬಿಡುವುದು ಮೀನುಗಾರರ ರೂಢಿಯಾಗಬೇಕು, ಅದಕ್ಕೆ ಮೀನುಗಾರಿಕೆ ಇಲಾಖೆಯ ಬೆಂಬಲವೂ ಸಿಗಬೇಕು.