ಮುಂಬಯಿ ಸೆಕೆಯೂ ಮೆಡಿಕಲ್ ಅಂಗಡಿಯ ಟ್ಯೂಬೂ

ಬಿಸಿಲು ಬೇರೆ, ಸೆಕೆ ಬೇರೆ. ಕಲಬುರಗಿ, ರಾಯಚೂರಿನಿಂದ ಮುಂಬಯಿಗೆ ಬಂದವರಿಗೆ ಈ ವ್ಯತ್ಯಾಸ ಮೊದಲ ಏಪ್ರಿಲಿನಲ್ಲೇ ಅರ್ಥವಾಗುತ್ತದೆ. ಅಲ್ಲಿ 40 ಡಿಗ್ರಿ ದಾಟಿದರೂ ಗಾಳಿ ಒಣದು, ಬೆವರು ಬೇಗ ಆರುತ್ತದೆ. ಇಲ್ಲಿ 33-34 ಡಿಗ್ರಿಗೇ ಅಂಗಿ ಬೆನ್ನಿಗೆ ಅಂಟುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಈ ಹವೆ ಹೊಸದಲ್ಲ ನಿಜ. ಆದರೆ ಊರಿನಲ್ಲಿ ಲೋಕಲ್ ರೈಲಿನ ನೂಕುನುಗ್ಗಲು ಇರಲಿಲ್ಲ, ದಿನವಿಡೀ ಎಸಿಯಲ್ಲಿ ಕೂತು ಸಂಜೆ ಮತ್ತೆ ಬೆವರಿನಲ್ಲಿ ಮುಳುಗುವ ಕೆಲಸವೂ ಇರಲಿಲ್ಲ.

ಹಾಗಾಗಿ ಚಳಿಗಾಲದ ಅಭ್ಯಾಸಗಳನ್ನು ಮಾರ್ಚ್ ಹೊತ್ತಿಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಮುಖಕ್ಕೆ ಕೊಬ್ಬರಿ ಎಣ್ಣೆ, ದಪ್ಪ ಕೋಲ್ಡ್ ಕ್ರೀಮ್ ಈಗ ಬೇಡ. ರಂಧ್ರಗಳು ಕಟ್ಟಿಕೊಂಡು ಮೊಡವೆ ಏಳಬಹುದು. ಎಸಿಯಲ್ಲಿ ಚರ್ಮ ಒಣಗುವವರು ಜೆಲ್ ರೂಪದ ತೆಳುವಾದ ಮಾಯಿಶ್ಚರೈಸರ್ ಹಚ್ಚಿಕೊಳ್ಳಲಿ. ದಿನಕ್ಕೆ ಎರಡು ಸ್ನಾನ ಸಾಕು, ಪ್ರತಿ ಸಲವೂ ಮೈಯೆಲ್ಲ ಸೋಪು ತಿಕ್ಕಬೇಕಿಲ್ಲ. ಕಡಲೆಹಿಟ್ಟು ಹಚ್ಚುವ ರೂಢಿಯಿದ್ದರೆ ಮುಂದುವರಿಸಿ, ಆದರೆ ಗಸಗಸ ಉಜ್ಜಬೇಡಿ.

ಮುಂಬಯಿಯಲ್ಲಿ ಮೇ ಮಧ್ಯದ ಹೊತ್ತಿಗೆ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಸನ್‌ಸ್ಕ್ರೀನ್ ಶೋಕಿಯ ವಸ್ತುವಲ್ಲ. ಎಸ್‌ಪಿಎಫ್ 30 ಇದ್ದರೆ ಸಾಕು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಪ್ರಮಾಣ ಮುಖ ಮತ್ತು ಕತ್ತಿಗೆ ಬೇಕು. ಮನೆ ಬಿಡುವ ಕಾಲು ಗಂಟೆ ಮೊದಲು ಹಚ್ಚಿ, ಹೊರಗೇ ಓಡಾಡುವ ಕೆಲಸವಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕೊಡೆ ಹಿಡಿಯಲು ಜೂನ್‌ವರೆಗೆ ಕಾಯಬೇಕಿಲ್ಲ.

ಇದೆಲ್ಲ ಸುಲಭದ ಮಾತು. ಈ ನಗರದ ಬೇಸಿಗೆಯ ನಿಜವಾದ ತೊಂದರೆ ಇರುವುದು ಸೊಂಟ, ತೊಡೆಸಂದು, ಕಂಕುಳಿನಲ್ಲಿ. ಊರಿನ ಬೆವರುಸಾಲೆಗೆ ಇಲ್ಲಿ ಘಾಮೋಳೆ ಎನ್ನುತ್ತಾರೆ. ಅದು ಬೆವರಿನ ನಾಳ ಕಟ್ಟಿಕೊಂಡು ಏಳುವ ಗುಳ್ಳೆ. ತಂಪಾದ ಜಾಗ, ಸಡಿಲ ಹತ್ತಿ ಬಟ್ಟೆ ಸಿಕ್ಕರೆ ತಾನಾಗಿ ಇಳಿಯುತ್ತದೆ. ಗಜಕರ್ಣ ಹಾಗಲ್ಲ. ಕನ್ನಡದಲ್ಲೂ ಮರಾಠಿಯಲ್ಲೂ ಹೆಸರು ಒಂದೇ. ಅದು ಶಿಲೀಂಧ್ರದ ಸೋಂಕು. ಉಂಗುರದಂತೆ ಅಂಚು ಕೆಂಪಗೆ ಎದ್ದು ಹರಡುತ್ತದೆ, ಟವೆಲ್ ಮತ್ತು ಬಟ್ಟೆಯ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಹೋಟೆಲಿನ ದೋಸೆ ಕಲ್ಲಿನ ಮುಂದೆ ದಿನವಿಡೀ ನಿಂತು, ರಾತ್ರಿ ಒಂದೇ ಕೋಣೆಯಲ್ಲಿ ಹಲವರು ಮಲಗುವ ನಮ್ಮ ಹುಡುಗರಿಗೂ, ಬಿಗಿ ಜೀನ್ಸಿನಲ್ಲಿ ವಿರಾರ್‌ನಿಂದ ಚರ್ಚ್‌ಗೇಟ್‌ಗೆ ನಿಂತೇ ಹೋಗುವ ನಮ್ಮಂಥವರಿಗೂ ಇದು ಸಮಾನವಾಗಿ ಕಾಡುತ್ತದೆ.

ನಾಚಿಕೆಯ ಜಾಗದ ತುರಿಕೆ ಯಾರಿಗೆ ಹೇಳುವುದು? ಮೆಡಿಕಲ್ ಅಂಗಡಿಗೆ ಹೋಗಿ, ದನಿ ತಗ್ಗಿಸಿ, ‘ಭಯ್ಯಾ, ಖುಜಲಿ ಕಾ ಟ್ಯೂಬ್ ದೇನಾ’ ಎನ್ನುತ್ತೇವೆ. ಎರಡು ದಿನದಲ್ಲಿ ತುರಿಕೆ ಮಾಯ. ಎಷ್ಟೋ ಟ್ಯೂಬುಗಳಲ್ಲಿ ಶಿಲೀಂಧ್ರದ ಔಷಧಿಯ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಜೊತೆಗೆ ಶಿಲೀಂಧ್ರದೊಂದಿಗೆ ಹೋರಾಡುವ ಚರ್ಮದ ಶಕ್ತಿಯನ್ನೂ ಕುಗ್ಗಿಸುತ್ತದೆ. ಟ್ಯೂಬು ಬಿಟ್ಟೊಡನೆ ಸೋಂಕು ಇಮ್ಮಡಿಯಾಗಿ ಮರಳುತ್ತದೆ. ಉಂಗುರದ ಆಕಾರವೇ ಕೆಟ್ಟುಹೋಗಿ ವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆಸಂದಿನಲ್ಲಿ ಅಳಿಯದ ಗೆರೆಗಳು ಮೂಡುತ್ತವೆ.

ಮುಖದ ಕಥೆಯೂ ಇದೇ. ‘ಬೊಂಬಾಯಿಗೆ ಹೋಗಿ ಕಪ್ಪಾಗಿದ್ದೀಯಲ್ಲ’ ಎಂಬ ಒಂದು ಮಾತಿಗೆ ಹುಡುಗಿಯರು ಬೆಳ್ಳಗಾಗುವ ಟ್ಯೂಬು ಹುಡುಕುತ್ತಾರೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಸೇರಿದ ಕ್ರೀಮ್ ವೈದ್ಯರು ಕಲೆಗೆ, ಕೆಲವು ವಾರಗಳ ಮಟ್ಟಿಗೆ ಬರೆಯುವ ಔಷಧಿ. ಅದನ್ನು ದಿನನಿತ್ಯದ ಸ್ನೋ ಥರ ಬಳಿದರೆ ಮುಖ ಕೆಂಪಾಗಿ ಉರಿಯುತ್ತದೆ, ಮೊಡವೆ ಮತ್ತು ಬೇಡದ ಕೂದಲು ಬರುತ್ತವೆ, ಬಿಸಿಲು ತಾಗಿದರೆ ಸಾಕು ಸುಡುತ್ತದೆ. ಬಿಟ್ಟರೆ ಇನ್ನೂ ಉರಿ, ಹಾಗಾಗಿ ಬಿಡಲೂ ಆಗದು. ಚರ್ಮವೈದ್ಯರ ಅಖಿಲ ಭಾರತ ಸಂಘ ಐಎಡಿವಿಎಲ್ ಈ ದುರ್ಬಳಕೆಯ ವಿರುದ್ಧ ವರ್ಷಗಳಿಂದ ಹೋರಾಡುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ನಿಯಮದೊಳಗೆ ತಂದಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಇದೆ, ಕೌಂಟರಿನಲ್ಲಿ ಅದನ್ನು ಕೇಳುವವರು ಕಡಿಮೆ.

ನೀವು ಮಾಡಬಹುದಾದ್ದು ಒಂದು. ಮನೆಯಲ್ಲಿರುವ ಟ್ಯೂಬು ತಿರುಗಿಸಿ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್, ಕ್ಲೋಬೆಟಾಸಾಲ್ ಎಂದು ಕಂಡರೆ ಅದು ಸ್ಟೀರಾಯ್ಡ್. ವೈದ್ಯರು ಹೇಳದೆ ಹಚ್ಚಬೇಡಿ. ಆಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಿ. ಖಾಸಗಿ ಕ್ಲಿನಿಕ್ ದುಬಾರಿ ಅನಿಸಿದರೆ ಪರೇಲಿನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲ್ಲಿನ ನಾಯರ್ ಆಸ್ಪತ್ರೆಗಳಲ್ಲಿ ಚರ್ಮ ವಿಭಾಗಗಳಿವೆ. ಸಾಲು ಉದ್ದ, ಖರ್ಚು ಕಡಿಮೆ.

ಗಜಕರ್ಣಕ್ಕೆ ಔಷಧಿ ಶುರುವಾದರೆ ತುರಿಕೆ ನಿಂತ ದಿನ ನಿಲ್ಲಿಸಬೇಡಿ, ಹೇಳಿದಷ್ಟು ವಾರ ಪೂರೈಸಿ. ಮನೆಯಲ್ಲಿ, ರೂಮಿನಲ್ಲಿ ತುರಿಕೆ ಇರುವ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಟವೆಲ್ ಬೇರೆ ಇರಲಿ, ಒಳಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಖೋಲಿಯೊಳಗೇ ಒಣಗಿಸಬೇಕಾದವರು ಇಸ್ತ್ರಿ ಮಾಡಿ ತೊಡಿ. ಒದ್ದೆ ಬಟ್ಟೆಯಂತೂ ಮೈಮೇಲೆ ಬೇಡವೇ ಬೇಡ.

ಸಂಘದ ಕಾರ್ಯಕ್ರಮದಲ್ಲೋ ಹೋಟೆಲಿನ ಕೌಂಟರಿನಲ್ಲೋ ಊರಿನಿಂದ ಹೊಸದಾಗಿ ಬಂದ ತಮ್ಮಂದಿರು ಸಿಕ್ಕಾಗ ಈ ಮಾತು ಅವರ ಕಿವಿಗೂ ಹಾಕಿ. ಕೇಳಲು ನಾಚುವವರಿಗೆ ನಾವೇ ಮೊದಲು ಹೇಳಬೇಕು.