ಕಳೆದುಹೋದ ಚಿತ್ರವನ್ನು ಮತ್ತೆ ಬರೆಯುವುದು

ಬಾನುಲಿಯಲ್ಲಿ ಕುಳಿತು ಚಿತ್ರಗಳ ವಿಷಯ ಮಾತನಾಡುವುದು ಸ್ವಲ್ಪ ವಿಚಿತ್ರವೇ. ಕೇಳುಗರಿಗೆ ನಾನು ಏನನ್ನೂ ತೋರಿಸಲಾರೆ. ಆದರೆ ಇಂದು ನಾನು ಹೇಳಹೊರಟಿರುವ ಚಿತ್ರಗಳು ಒಂದು ಬಗೆಯಲ್ಲಿ ಕೇಳುವವರಿಗಾಗಿಯೇ ಹುಟ್ಟಿದವು. ಒಬ್ಬನು ಕಥೆ ಹೇಳುತ್ತಿರುವಾಗ ಸುತ್ತ ಕುಳಿತವರ ಕಣ್ಣಮುಂದೆ ಏನಾದರೂ ಮೂಡಲೆಂದು ಅವನ್ನು ಬರೆದರು. ಹೀಗಾಗಿ ಬಾನುಲಿಗೂ ಅವಕ್ಕೂ ದೂರದ ನಂಟಾದರೂ ಇದೆಯೆಂದು ಧೈರ್ಯ ಮಾಡಿದ್ದೇನೆ.

ಈ ವಿಷಯ ನನ್ನ ಕೈಗೆ ಬಂದದ್ದು ಮೊಮ್ಮಗನಿಂದ. ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದವನು ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ತಂದಿದ್ದ. ಪುಟ ತಿರುವುತ್ತಿದ್ದಾಗ ಒಂದೆಡೆ ಹುಲಿಯ ತಲೆ, ಮನುಷ್ಯನ ಮೈ, ಮೈಮೇಲೆ ಶ್ರೀಮಂತರ ಉಡುಪು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದ ಹೆಸರನ್ನು ಓದಿದೆ: ರಾಕ್ಷಸ. ನಲವತ್ತು ವರ್ಷ ಕನ್ನಡ ಕಾವ್ಯಗಳ ನಡುವೆ ಕಳೆದವನು ನಾನು; ರಾಕ್ಷಸರ ಪರಿಚಯ ಸಾಕಷ್ಟಿದೆಯೆಂದು ನಂಬಿದ್ದೆ. ಈತನನ್ನು ಮಾತ್ರ ನಾನು ಎಲ್ಲಿಯೂ ಕಂಡಿರಲಿಲ್ಲ. ಈತ ಯಾರು, ಎಲ್ಲಿಂದ ಬಂದ ಎಂದು ಹುಡುಕಹೊರಟ ನನಗೆ ಒಂದು ಆಟದ ಚರಿತ್ರೆಯೂ ಅದರ ಹಳೆಯ ಚಿತ್ರಕಾರರ ಕಥೆಯೂ ತೆರೆದುಕೊಂಡವು.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ನೆಲಮಾಳಿಗೆಗಳು ಮತ್ತು ಘಟಸರ್ಪಗಳು ಎನ್ನಬಹುದೇನೋ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಹೊರತಂದರು. ಇದಕ್ಕೆ ಪಗಡೆಹಾಸು ಬೇಕಾಗಿಲ್ಲ. ಗೆದ್ದವರು ಸೋತವರು ಎಂಬುದೂ ಇಲ್ಲ. ನಾಲ್ಕಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬನು ನಿರೂಪಕ; ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಕಳ್ಳ. 'ನೀವು ಒಂದು ಗುಹೆಯ ಬಾಯಲ್ಲಿ ನಿಂತಿದ್ದೀರಿ, ಒಳಗೆ ನೀರು ತೊಟ್ಟಿಕ್ಕುವ ಸದ್ದು' ಎಂದು ನಿರೂಪಕ ಆರಂಭಿಸಿದರೆ, ಮುಂದೆ ಏನು ಮಾಡುತ್ತೇವೆಂಬುದನ್ನು ಪಾತ್ರಧಾರಿಗಳು ಬಾಯಲ್ಲೇ ಹೇಳಬೇಕು. ಸಂಶಯದ ಸ್ಥಳದಲ್ಲಿ ದಾಳ ತೀರ್ಮಾನಿಸುತ್ತದೆ. ಆ ದಾಳಗಳಿಗೆ ನಾಲ್ಕು ಮುಖದಿಂದ ಇಪ್ಪತ್ತು ಮುಖಗಳವರೆಗೆ ಇವೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಮಾತಿನಿಂದ ಲೋಕ ಕಟ್ಟುವ ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ತಾಳಮದ್ದಳೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ವ್ಯತ್ಯಾಸ ಅಷ್ಟು.

ಇಂಥ ಆಟಕ್ಕೆ ಚಿತ್ರ ಏಕೆ ಬೇಕು? ನಿರೂಪಕನಿಗೆ ಆಸರೆಯಾಗಿ ಬೇಕು. ಹೆಸರಷ್ಟೇ ಹೇಳಿದರೆ ಕಾಣದ ಪ್ರಾಣಿಗಳು ನಿಯಮಗಳ ಪುಸ್ತಕದಲ್ಲಿ ತುಂಬಿದ್ದವು. 1974ರ ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಮೂರು ಚಿಕ್ಕ ಪುಸ್ತಿಕೆಗಳು, ಒಂದು ಪೆಟ್ಟಿಗೆ, ಬೆಲೆ ಹತ್ತು ಡಾಲರು. ಚಿತ್ರಗಳಿಗೆ ಖರ್ಚು ಮಾಡಲು ಹಣವಿರಲಿಲ್ಲ. ಗ್ರೆಗ್ ಬೆಲ್ ಎಂಬ ತರುಣ ಮತ್ತು ಇನ್ನೊಬ್ಬಿಬ್ಬರು ಹವ್ಯಾಸಿಗಳು ಕೆಲವು ಡಾಲರುಗಳಿಗೆ ಬರೆದುಕೊಟ್ಟರು. ಅವುಗಳಲ್ಲಿ ಹಲವು ಸ್ವಂತದವೂ ಅಲ್ಲ. ಪೆಟ್ಟಿಗೆಯ ಮೇಲಿನ ಕುದುರೆ ಸವಾರ, 1968ರಲ್ಲಿ ಹೊರಬಂದ 'ಸ್ಟ್ರೇಂಜ್ ಟೇಲ್ಸ್' ಎಂಬ ಚಿತ್ರಕಥಾ ಪತ್ರಿಕೆಯ ಒಂದು ಸಂಚಿಕೆಯಿಂದ ಪಡಿಯಚ್ಚಾಗಿ ಇಳಿದವನೆಂದು ಚರಿತ್ರಕಾರರು ಆಮೇಲೆ ಪತ್ತೆಹಚ್ಚಿದ್ದಾರೆ. ಇದನ್ನು ಕೇಳಿ ನಗುವವರು ನಗಲಿ. ನಾನಂತೂ ನಗಲಾರೆ, ಕಾರಣವನ್ನು ಮುಂದೆ ಹೇಳುತ್ತೇನೆ.

ಪ್ರಾಣಿಗಳ ಮೂಲ ಇನ್ನೂ ಸ್ವಾರಸ್ಯವಾದದ್ದು. ಗೈಗ್ಯಾಕ್ಸ್ ಅವರು ಅಗ್ಗದ ಅಂಗಡಿಯಿಂದ ಹಾಂಗ್‌ಕಾಂಗಿನಲ್ಲಿ ತಯಾರಾದ ಪ್ಲಾಸ್ಟಿಕ್ ಗೊಂಬೆಗಳ ಒಂದು ಚೀಲವನ್ನು ಕೊಂಡುತಂದರಂತೆ. ಯಾವ ಪ್ರಾಣಿಗೂ ಹೋಲದ ಗೊಂಬೆಗಳು ಅವು. ಅವುಗಳಲ್ಲಿ ಒಂದಕ್ಕೆ ಮೀಸೆಯಿಂದ ಮುಟ್ಟಿ ಕಬ್ಬಿಣವನ್ನು ತುಕ್ಕಾಗಿಸಿ ತಿನ್ನುವ ಜಂತುವೆಂಬ ಪದವಿ ಸಿಕ್ಕಿತು. ಇನ್ನೊಂದು ಗೂಬೆಯ ತಲೆಯ ಕರಡಿಯಾಯಿತು. 1977ರಲ್ಲಿ ಇವೆಲ್ಲವನ್ನೂ ಕೂಡಿಸಿ 'ಮಾನ್‌ಸ್ಟರ್ ಮ್ಯಾನ್ಯುಅಲ್' ಎಂಬ ವಿಕಾರಜೀವಿಗಳ ಕೋಶ ಪ್ರಕಟವಾಯಿತು. ಅದರ ಚಿತ್ರಗಳಲ್ಲಿ ಬಹುಭಾಗವನ್ನು ಬರೆದವರು ಡೇವಿಡ್ ಸದರ್ಲೆಂಡ್ ಮತ್ತು ಡೇವಿಡ್ ಟ್ರ್ಯಾಂಪಿಯರ್.

ನನ್ನ ರಾಕ್ಷಸ ಅಲ್ಲಿದ್ದ. ಬರೆದವರು ಟ್ರ್ಯಾಂಪಿಯರ್. ಹುಲಿಯ ತಲೆ, ನಿಲುವಂಗಿ, ಹೊಗೆ ಸೇದುವ ಪೈಪು. ಇಳಿಹೊತ್ತಿನಲ್ಲಿ ಕ್ಲಬ್ಬಿಗೆ ಬಂದ ನಿವೃತ್ತ ನ್ಯಾಯಾಧೀಶನಂತೆ ಇದ್ದಾನೆ. ಈ ರಾಕ್ಷಸನನ್ನು ಗೈಗ್ಯಾಕ್ಸ್ ಪಡೆದದ್ದು ವಾಲ್ಮೀಕಿಯಿಂದಲ್ಲ, 1974ರ ಡಿಸೆಂಬರಿನಲ್ಲಿ ಪ್ರಸಾರವಾದ 'ಕೋಲ್ಚಾಕ್' ಎಂಬ ದೂರದರ್ಶನ ಮಾಲಿಕೆಯ ಒಂದು ಕಂತಿನಿಂದ. ಅದರಲ್ಲಿ ರಾಕ್ಷಸನು ಬಲಿಯಾಗುವವನ ನಂಬುಗೆಯ ವ್ಯಕ್ತಿಯ ರೂಪದಲ್ಲಿ ಬರುತ್ತಾನೆ. ಮಂತ್ರಿಸಿದ ಬಾಣದಿಂದ ಮಾತ್ರ ಸಾಯುತ್ತಾನೆ. ಆಟದ ಪುಸ್ತಕದಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ನನಗೆ ಆಶ್ಚರ್ಯವಾದದ್ದು ಇಲ್ಲಿ. ತಲೆ ತಪ್ಪು, ಉಡುಪು ತಪ್ಪು, ಪೈಪಂತೂ ಕೇಳಲೇಬೇಕಿಲ್ಲ. ಯಕ್ಷಗಾನದ ಬಣ್ಣದ ವೇಷಕ್ಕೆ ಗಂಟೆಗಟ್ಟಲೆ ಚಿಟ್ಟಿ ಇಟ್ಟುಕೊಳ್ಳುವ ಕಲಾವಿದರು ಇದನ್ನು ನೋಡಿದರೆ ಏನೆಂದಾರು! ಆದರೆ ಕಾಮರೂಪಿತ್ವ ಎಂಬ ಲಕ್ಷಣ ಹೇಗೋ ಸಮುದ್ರ ದಾಟಿ ಉಳಿದುಬಂದಿದೆ. ಹೊನ್ನ ಜಿಂಕೆಯಾಗಿ ಬಂದ ಮಾರೀಚ, ಸುಂದರಿಯಾಗಿ ಬಂದ ಶೂರ್ಪನಖಿ ಇವರ ದಾಯಾದಿಯೇ ಈ ಪೈಪಿನವನು.

ಟ್ರ್ಯಾಂಪಿಯರ್ ಅವರ ಇನ್ನೊಂದು ಚಿತ್ರವನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಅದು 1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಪುಸ್ತಕದ ಹೊದಿಕೆ. ಗುಡಿಯೊಳಗೆ ದೈತ್ಯಾಕಾರದ ಒಂದು ಕೊಂಬಿನ ಮೂರ್ತಿ ಕುಳಿತಿದೆ. ಇಬ್ಬರು ಕಳ್ಳರು ಮೇಲೇರಿ ಅದರ ಕಣ್ಣಿನ ರತ್ನವನ್ನು ಮೀಟಿ ತೆಗೆಯುತ್ತಿದ್ದಾರೆ. ಕೆಳಗೆ ಹಲ್ಲಿಯ ಮೋರೆಯ ಕಾವಲುಗಾರರ ಹೆಣಗಳು. ಒಬ್ಬನು ಕತ್ತಿ ಒರೆಸುತ್ತಿದ್ದಾನೆ, ಕೆಲವರು ನಕ್ಷೆಯನ್ನು ಹಿಡಿದು ಮುಂದಿನ ದಾರಿಯ ಮಾತಿನಲ್ಲಿದ್ದಾರೆ. ಕಾದಾಟ ಆಗಲೇ ಮುಗಿದಿದೆ. ವೀರರಸದ ಚಿತ್ರಕಾರ ಯಾರೇ ಆಗಲಿ ಕಾದಾಟವನ್ನೇ ಬರೆಯುತ್ತಿದ್ದ. ಇವರು ಅದರ ನಂತರದ ಅರ್ಧ ಗಳಿಗೆಯನ್ನು ಬರೆದರು. ಹಿಂದೆ ಏನಾಯಿತು, ಮುಂದೆ ಏನಾದೀತು ಎಂಬೆರಡನ್ನೂ ನೋಡುವವನಿಗೇ ಬಿಟ್ಟರು. ಮೇಜಿನ ಸುತ್ತ ಕುಳಿತವರಿಗೆ ಬೇಕಾದದ್ದು ಅದೇ ಬಿಡುವು. ಅವರ ಆಟ ಶುರುವಾಗಬೇಕಾದದ್ದು ಅಲ್ಲಿಯೇ.

1983ರ ಹೊತ್ತಿಗೆ ಕಂಪೆನಿ ಶ್ರೀಮಂತವಾಗಿತ್ತು. ಪುಸ್ತಕಗಳಿಗೆ ಜೆಫ್ ಈಸ್ಲಿ, ಲ್ಯಾರಿ ಎಲ್ಮೋರ್ ಮೊದಲಾದ ನುರಿತ ವರ್ಣಚಿತ್ರಕಾರರ ಹೊಸ ಹೊದಿಕೆಗಳು ಬಂದವು. ಕೆಂಪು ಘಟಸರ್ಪದ ಎದುರು ಕತ್ತಿ ಎತ್ತಿದ ಯೋಧನನ್ನು ಎಲ್ಮೋರ್ ಬರೆದ ರೀತಿ ನಿಜಕ್ಕೂ ಸೊಗಸು. ಸ್ನಾಯು, ಬೆಳಕು, ಲೋಹದ ಹೊಳಪು ಯಾವುದರಲ್ಲಿಯೂ ಕುಂದಿಲ್ಲ. ಆದರೂ ಹಳಬರು ಹಳೆಯ ಒರಟು ರೇಖೆಗಳನ್ನೇ ನೆನೆಯುತ್ತಾರೆ. ಇದು ಬರಿಯ ಬಾಲ್ಯದ ಹಂಬಲವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆನಿಸುವುದಿಲ್ಲ. ಎಲ್ಲವನ್ನೂ ತುಂಬಿಕೊಟ್ಟ ಚಿತ್ರದ ಮುಂದೆ ನಾವು ಪ್ರೇಕ್ಷಕರು. ಅರೆಬರೆ ಚಿತ್ರದ ಮುಂದೆ ನಮಗೂ ಸ್ವಲ್ಪ ಕೆಲಸವಿರುತ್ತದೆ.

ಈಗ ಜೆಫ್ ಡೀ ಅವರ ವಿಷಯ. 1980ರಲ್ಲಿ ಇದೇ ಕಂಪೆನಿಯಿಂದ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ಗ್ರಂಥ ಹೊರಬಂತು. ಜಗತ್ತಿನ ನಾನಾ ಜನಾಂಗಗಳ ದೇವತೆಗಳನ್ನು ಆಟಕ್ಕಾಗಿ ವಿವರಿಸಿದ ಪುಸ್ತಕ. ನಮ್ಮ ಇಂದ್ರ, ಅಗ್ನಿ, ವರುಣ, ಯಮರೂ ಅದರಲ್ಲಿ ಅಂಕಿಸಂಖ್ಯೆಗಳ ಸಮೇತ ಹಾಜರಿದ್ದಾರೆ. ಇಂದ್ರನಿಗೆ ಇಷ್ಟು ಪೆಟ್ಟು ತಾಳುವ ಶಕ್ತಿ ಎಂದು ಲೆಕ್ಕ ಕೊಟ್ಟಿರುವುದನ್ನು ನೋಡಿ ನಾನು ಬೇಸರಿಸಬೇಕೋ ನಗಬೇಕೋ ತಿಳಿಯದಾದೆ. ಆ ಗ್ರಂಥದ ಚಿತ್ರಕಾರರಲ್ಲಿ ಒಬ್ಬರು ಡೀ. ಆಗ ಅವರಿಗೆ ಹತ್ತೊಂಬತ್ತರ ಆಸುಪಾಸು. ಸ್ಕ್ಯಾಂಡಿನೇವಿಯದ ದೇವತೆಗಳನ್ನು ಅವರು ಚಿತ್ರಕಥೆಗಳ ವೀರರಂತೆ ಗಟ್ಟಿಯಾದ, ಖಚಿತವಾದ ಕಪ್ಪು ರೇಖೆಯಲ್ಲಿ ಬರೆದರು. ಮರುವರ್ಷ, 1981ರಲ್ಲಿ, ಅವರ ಕೆಲಸ ಹೋಯಿತು. ಚಿತ್ರಗಳ ಮೂಲಪ್ರತಿಗಳು ಕಂಪೆನಿಯಲ್ಲಿಯೇ ಉಳಿದವು; ಮುಂದೆ ಅಲ್ಲಿ ಅವು ಕಸವೆಂದು ನಾಶವಾದುವೆಂದು ಡೀ ಅವರೇ ಹೇಳಿದ್ದಾರೆ. ಉಳಿದದ್ದು ಮುದ್ರಿತ ಪುಟ ಮಾತ್ರ.

ಸುಮಾರು ಮೂವತ್ತು ವರ್ಷಗಳ ಮೇಲೆ, 2010ರ ಹೊತ್ತಿಗೆ, ಅವರು ಅದೇ ಚಿತ್ರಗಳನ್ನು ಮತ್ತೆ ಬರೆಯಲು ತೊಡಗಿದರು. ಓದುಗರಿಂದ ಗಣಕಯಂತ್ರದ ಜಾಲದ ಮೂಲಕ ಮುಂಗಡ ಚಂದಾ ಎತ್ತುವ 'ಕಿಕ್‌ಸ್ಟಾರ್ಟರ್' ಎಂಬ ಏರ್ಪಾಡು ಆಗಷ್ಟೇ ಬಂದಿತ್ತು. ಅದರಿಂದ ಇದು ಸಾಧ್ಯವಾಯಿತು. ಹಣ ಕೊಟ್ಟವರು ಬಾಲ್ಯದಲ್ಲಿ ಆ ಪುಟಗಳನ್ನು ನೋಡಿ ಬೆಳೆದವರು. ಮುದ್ರಿತ ಪುಟವನ್ನು ಎದುರಿಗಿಟ್ಟುಕೊಂಡು, ಹತ್ತೊಂಬತ್ತರ ಹುಡುಗ ಬರೆದದ್ದನ್ನು ಐವತ್ತರ ಕೈ ಮತ್ತೆ ಬರೆಯಬೇಕು.

ಕೇಳುಗರು ಈ ಕಷ್ಟವನ್ನು ಒಂದು ಕ್ಷಣ ಯೋಚಿಸಬೇಕು. ಕೈ ಈಗ ಹೆಚ್ಚು ಕಲಿತಿದೆ. ಅಂದು ತೋಳಿನ ಅಳತೆ ತಪ್ಪಿದ್ದರೆ ಇಂದು ಅದು ಕಣ್ಣಿಗೆ ಚುಚ್ಚುತ್ತದೆ. ತಿದ್ದಬೇಕೇ, ಬಿಡಬೇಕೇ? ತಿದ್ದಿದರೆ ಚಂದಾ ಕೊಟ್ಟವರು ಕೇಳಿದ ಚಿತ್ರ ಅದಲ್ಲ. ತಿದ್ದದಿದ್ದರೆ ತನ್ನನ್ನೇ ನಕಲು ಮಾಡಿದಂತೆ. ನಮ್ಮ ಹಳಗನ್ನಡ ಕಾವ್ಯಗಳ ಪ್ರತಿಕಾರರ ಮುಂದೆಯೂ ಇಂಥದೇ ಇಕ್ಕಟ್ಟಿತ್ತು. ಬುದ್ಧಿವಂತನಾದ ಪ್ರತಿಕಾರನು ತಿದ್ದಿ ತಿದ್ದಿ ಪಾಠವನ್ನು ಕೆಡಿಸಿದ ಉದಾಹರಣೆಗಳನ್ನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಆದರೆ ಪ್ರತಿಕಾರನೂ ಕವಿಯೂ ಒಬ್ಬನೇ ಆದಾಗ ಏನು ಮಾಡಬೇಕೆಂದು ಗ್ರಂಥಸಂಪಾದನ ಶಾಸ್ತ್ರದಲ್ಲಿ ನಾನು ಓದಿದ ನೆನಪಿಲ್ಲ. ಡೀ ಅವರು ಹಿಡಿದದ್ದು ಮೂಲದ ವಿನ್ಯಾಸವನ್ನೇ. ಅದೇ ಭಂಗಿ, ಅದೇ ದೇವತೆ. ಒಮ್ಮೆ ಓದುಗರ ಮನಸ್ಸಿನಲ್ಲಿ ನೆಲೆಗೊಂಡ ಚಿತ್ರವನ್ನು ಬದಲಿಸುವ ಹಕ್ಕು ಬರೆದವನಿಗೂ ಪೂರ್ತಿಯಾಗಿ ಇಲ್ಲವೆಂದು ಅವರು ಒಪ್ಪಿಕೊಂಡಂತೆ ನನಗೆ ಕಾಣುತ್ತದೆ.

ಟೋನಿ ಡಿಟರ್ಲಿಜಿ ಅವರ ದಾರಿ ಬೇರೆ. ಅವರು ಈ ಪುಸ್ತಕಗಳನ್ನು ಹುಡುಗನಾಗಿ ಓದಿದವರು. 1993ರಲ್ಲಿ ಅದೇ ಜೀವಿಕೋಶದ ಹೊಸ ಆವೃತ್ತಿಗೆ ಚಿತ್ರ ಬರೆದವರಲ್ಲಿ ಒಬ್ಬರಾದರು. ಅನ್ಯರ ಚಿತ್ರವನ್ನು ಮತ್ತೆ ಬರೆಯುವಾಗ ಸ್ವಾತಂತ್ರ್ಯ ಹೆಚ್ಚು, ಭಾರ ಕಡಿಮೆ. 2015ರಲ್ಲಿ ಅವರು ತಮ್ಮ ಆಟದ ಚಿತ್ರಗಳನ್ನು 'ರಿಯಲ್ಮ್ಸ್' ಎಂಬ ಪುಸ್ತಕವಾಗಿ ಕೂಡಿಸಿದರು. ಅದಕ್ಕೂ ಮೊದಲು, ನಾನು ಹೇಳಿದೆನಲ್ಲ, ಆ ಪ್ಲಾಸ್ಟಿಕ್ ಗೊಂಬೆಗಳ ಜಾಡು ಹಿಡಿದು ಹುಡುಕಿ ಬರೆದವರೂ ಅವರೇ. ಗೂಬೆಕರಡಿಯ ಮೂಲವನ್ನು ಹುಡುಕುವ ಶ್ರದ್ಧೆ ನಮ್ಮ ಎಷ್ಟು ಸಂಶೋಧಕರಲ್ಲಿದೆ!

ಗ್ರೆಗ್ ಬೆಲ್ಲನನ್ನು ಕಂಡು ನಗಲಾರೆನೆಂದೆ. 1980ರಲ್ಲಿ ನಾನೂ ಹತ್ತೊಂಬತ್ತರವನು. ನಮ್ಮ ಕಾಲೇಜಿನ ಕೈಬರಹದ ಪತ್ರಿಕೆಗೆ ಚಿತ್ರ ಬರೆಯುವವನು ನಾನೇ. ಒಂದು ಸಂಚಿಕೆಗೆ ಮಾರೀಚನನ್ನು ಬರೆದಿದ್ದೆ: ಮುಂಭಾಗ ಜಿಂಕೆ, ಹಿಂಭಾಗದಲ್ಲಿ ಇನ್ನೂ ರಾಕ್ಷಸನ ನೆರಳು. ಜಿಂಕೆಯನ್ನು ಒಂದು ಕ್ಯಾಲೆಂಡರಿನಿಂದ ಎಣ್ಣೆಕಾಗದದ ಮೇಲೆ ಇಳಿಸಿಕೊಂಡಿದ್ದೆ. ಕಟ್ಟಡ ಬದಲಾದಾಗ ಆ ಪತ್ರಿಕೆಗಳ ಕಟ್ಟುಗಳು ರದ್ದಿಗೆ ಹೋದವು. ಡೀ ಅವರ ವೃತ್ತಾಂತವನ್ನು ಓದಿದ ಮೇಲೆ ಒಂದು ಮಧ್ಯಾಹ್ನ ಅದನ್ನು ಮತ್ತೆ ಬರೆಯಲು ಕುಳಿತೆ. ಮುದ್ರಿತ ಪುಟವೂ ನನ್ನಲ್ಲಿಲ್ಲ, ನೆನಪೊಂದೇ. ಜಿಂಕೆ ಚೆನ್ನಾಗಿಯೇ ಬಂತು. ನೆರಳು ಮಾತ್ರ ಬರಲಿಲ್ಲ. ಅಂದು ಅದನ್ನು ಹೇಗೆ ಹಾಕಿದ್ದೆನೋ.

ಟ್ರ್ಯಾಂಪಿಯರ್ ಅವರು ಹಿಂದಿರುಗಿ ನೋಡಲೇ ಒಪ್ಪದವರು. ಆಟದ ಪತ್ರಿಕೆಯಲ್ಲಿ ಬರುತ್ತಿದ್ದ ತಮ್ಮ ಚಿತ್ರಕಥೆಯನ್ನು 1988ರಲ್ಲಿ ನಡುವೆಯೇ ನಿಲ್ಲಿಸಿ ಆ ಲೋಕದಿಂದಲೇ ಹೊರಟುಹೋದರು. ಸತ್ತರೆಂದು ತಿಳಿದವರೂ ಇದ್ದರು. 2002ರಲ್ಲಿ ಇಲಿನಾಯ್ ಪ್ರಾಂತದ ಕಾರ್ಬನ್‌ಡೇಲ್ ಊರಿನ ವಿದ್ಯಾರ್ಥಿಗಳ ಪತ್ರಿಕೆಯೊಂದು ರಾತ್ರಿಪಾಳಿಯ ಟ್ಯಾಕ್ಸಿ ಚಾಲಕನೊಬ್ಬನ ಮೇಲೆ ಲೇಖನ ಪ್ರಕಟಿಸಿತು. ಬರೆದ ವಿದ್ಯಾರ್ಥಿಗೆ ಆತ ಯಾರೆಂದು ತಿಳಿಯದು. ಹೆಸರು ನೋಡಿದ ಆಟಗಾರರು ಗುರುತಿಸಿದರು. ಮತ್ತೆ ಚಿತ್ರ ಬರೆಯಿರೆಂಬ ಕೋರಿಕೆಗಳಿಗೆ ಅವರು ಒಪ್ಪಲಿಲ್ಲ. ಕೊನೆಗೆ ಆರೋಗ್ಯ ಕೆಟ್ಟಾಗ, ಉಳಿದಿದ್ದ ಕೆಲವು ಚಿತ್ರಗಳನ್ನು ಊರಿನ ಆಟಗಾರರ ಕೂಟದಲ್ಲಿ ಇಡಲು ಒಪ್ಪಿದರಂತೆ. ಕೂಟ 2014ರ ಏಪ್ರಿಲಿನಲ್ಲಿ. ಮಾರ್ಚಿ 24ರಂದು ಅವರು ತೀರಿಕೊಂಡರು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಅವರ ಹುಲಿತಲೆಯ ರಾಕ್ಷಸ ಮಾತ್ರ ಆವೃತ್ತಿಯಿಂದ ಆವೃತ್ತಿಗೆ, ಕೈಯಿಂದ ಕೈಗೆ ದಾಟುತ್ತ, ಹಸ್ತಗಳು ಹಿಂದುಮುಂದಾಗಿ ತಿರುಗುವಂಥ ಹೊಸ ಲಕ್ಷಣಗಳನ್ನೂ ಸೇರಿಸಿಕೊಂಡು ನನ್ನ ಮೊಮ್ಮಗನ ಪುಸ್ತಕಕ್ಕೆ ಬಂದಿದ್ದಾನೆ.

ಆ ರಜೆಯಲ್ಲಿ ನಮ್ಮ ಜಗಲಿಯ ಮೇಲೆ ಹುಡುಗರು ಆಡುತ್ತಿದ್ದಾಗ, ನಿಮ್ಮ ರಾಕ್ಷಸನಿಗೆ ಹುಲಿಯ ತಲೆ ತೆಗೆಯಿರಿ, ಅದು ನಮ್ಮಲ್ಲಿಲ್ಲ ಎಂದು ಹೇಳಿನೋಡಿದೆ. ತೆಗೆದರೆ ಅವನು ರಾಕ್ಷಸನೆಂದು ಯಾರಿಗೆ ಗೊತ್ತಾಗುತ್ತದೆ ಎಂದ ಮೊಮ್ಮಗ. ಪಕ್ಕದ ಮನೆಯ ಹುಡುಗಿ ಮಾತ್ರ, ಹಾಗಾದರೆ ಮಾರೀಚ ಹೇಗಿದ್ದ ಹೇಳಿ ಎಂದಳು. ನಾನು ಹೇಳುತ್ತ ಹೋದೆ. ಅವಳು ಅಂಕೆಗಳನ್ನು ಗುರುತುಹಾಕುವ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತ ಹೋದಳು. ಜಿಂಕೆಯ ಮುಂಗಾಲು ಉದ್ದವಾಯಿತು. ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ದಾಳ ಉರುಳಿತು, ಅವರು ಕಾಡಿನೊಳಗೆ ಹೊರಟರು.