ಬಾಲಂಗೋಚಿಯಿಂದ ವಿಮಾನದ ಬಾಲಕ್ಕೆ

ಆಷಾಢದ ಪಡುವಣ ಗಾಳಿ ಎದ್ದಿತೆಂದರೆ ನವಲಗುಂದ, ಅಣ್ಣಿಗೇರಿಗಳ ಎರೆಯ ಬಯಲು ಗಾಳಿಪಟಕ್ಕೆ ಹೇಳಿ ಮಾಡಿಸಿದ ನೆಲ. ನವಲಗುಂದದ ಗುಡ್ಡವೊಂದನ್ನು ಬಿಟ್ಟರೆ ಗಾಳಿಗೆ ಅಡ್ಡಿಯೇ ಕಡಮೆ. ಪಟ ಗಿರಕಿ ಹೊಡೆದರೆ ಹುಡುಗನು ಬಾಲಂಗೋಚಿಗೆ ಇನ್ನೊಂದು ಚಿಂದಿ ಕಟ್ಟುತ್ತಾನೆ. ಪಟ ನೆಟ್ಟಗೆ ನಿಲ್ಲುತ್ತದೆ. ಹಿರಿಯರು ಇದನ್ನು ಕಾಲಹರಣವೆಂದು ಗದರಿಸುವುದುಂಟು. ಆದರೆ ವಿಮಾನವಿದ್ಯೆ ಬಹುಕಾಲ ತೊಡಕಿಗೆ ಸಿಲುಕಿದ್ದುದು ಈ ಪ್ರಶ್ನೆಯಲ್ಲಿಯೇ: ಹಾರುವ ವಸ್ತು ಹೊಯ್ದಾಡದಂತೆ ಮಾಡುವುದೆಂತು?

1871ರಲ್ಲಿ ಪ್ಯಾರಿಸ್ಸಿನ ಆಲ್ಫೋನ್ಸ್ ಪೆನೋ ಎಂಬ ತರುಣನು ಇದಕ್ಕೆ ಉತ್ತರವಿತ್ತನು. ಹುರಿಮಾಡಿದ ರಬ್ಬರಿನ ಬಲದಿಂದ ಹಾರಿದ ಅವನ ಮಾದರಿ ವಿಮಾನದ ತೂಕ 16 ಗ್ರಾಂ. ಹಾರಿದ ಕಾಲ 11 ಸೆಕೆಂಡು. ಅದರ ಹಿಂಬದಿಗೆ, ದೊಡ್ಡ ರೆಕ್ಕೆಗಿಂತ ತುಸು ತಗ್ಗಿದ ಕೋನದಲ್ಲಿ, ಕಿರುರೆಕ್ಕೆಯೊಂದಿತ್ತು. ಮೂತಿ ಮೇಲೆದ್ದರೆ ಗಾಳಿಯು ಈ ಬಾಲವನ್ನು ಕೆಳಗಿನಿಂದ ಎತ್ತುತ್ತದೆ. ಮೂತಿ ತಾನಾಗಿ ತಗ್ಗುತ್ತದೆ. ಬಾಲಂಗೋಚಿ ಜಗ್ಗಿ ಸಾಧಿಸುವುದನ್ನು ಇದು ಎತ್ತಿ ಸಾಧಿಸುತ್ತದೆ. ಪೆನೋ ಮಾದರಿಯ ಹಾರುವ ಆಟಿಗೆಯೊಂದು 1878ರಲ್ಲಿ ಬಾಲಕರಾಗಿದ್ದ ರೈಟ್ ಸೋದರರ ಕೈಸೇರಿತು. 1903ರ ಕಥೆ ತಮಗೆಲ್ಲ ತಿಳಿದದ್ದೇ.

ನಮ್ಮ ನಾಡಿನಲ್ಲಿ 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಹುಟ್ಟಿತು. ಅಲ್ಲಿ ರಚಿತವಾದ ಎಚ್.ಟಿ.-2 ವಿಮಾನವು 1951ರಲ್ಲಿ ಹಾರಿತು. ಎನ್.ಸಿ.ಸಿ.ಯ ವಾಯುವಿಭಾಗವು ಮಾದರಿ ವಿಮಾನ ಕಟ್ಟುವುದನ್ನೇ ವಿದ್ಯಾರ್ಥಿಗಳಿಗೆ ಪಾಠವಾಗಿಸಿತು.

ಪಟ ಬಿಟ್ಟ ಕೈಗೆ ಈ ಪಾಠ ಕಠಿನವಲ್ಲ. ರೆಕ್ಕೆಯ ಅಗಲದಲ್ಲಿ, ಮುಂದಂಚಿನಿಂದ ಸುಮಾರು ಮೂರರಲ್ಲೊಂದು ಪಾಲು ಹಿಂದೆ, ಎರಡೂ ಕಡೆ ಬೆರಳಿಟ್ಟು ಎತ್ತಿದರೆ ಮಾದರಿಯು ಸಮವಾಗಿ ನಿಲ್ಲಬೇಕು. ಬಾಲ ಜಗ್ಗಿದರೆ ಮೂತಿಗೆ ಮೇಣ ಮೆತ್ತಬೇಕು. ಊರಿನ ಎರೆಮಣ್ಣಾದರೆ ಒಣಗಿ, ಬಿರಿದು, ಉದುರೀತು!